ಹೆಗಲ ಮೇಲಿನ ಬೇತಾಳ

ಹೊಸ ‘ಚಂದಮಾಮ’ ಮನೆಗೆ ಬಂದ ದಿನ ಮಕ್ಕಳ ಜಗಳ ತಪ್ಪುತ್ತಿರಲಿಲ್ಲ. ಗೆದ್ದವರು ಮೊದಲು ತೆರೆಯುತ್ತಿದ್ದುದು ಬೇತಾಳ ಕಥೆಯ ಪುಟವನ್ನು. ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಸುತ್ತ ಸ್ಮಶಾನ. ಕಲಾವಿದ ಶಂಕರ್ ಬಿಡಿಸಿದ ಆ ಚಿತ್ರ ಕಂಡ ರಾತ್ರಿ ಹಿತ್ತಲ ಕಡೆ ಒಬ್ಬರೇ ಹೋಗುವ ಧೈರ್ಯ ಎಷ್ಟು ಮಕ್ಕಳಿಗಿತ್ತು?

ಆ ಮಕ್ಕಳಿಗೀಗ ಐವತ್ತು ದಾಟಿದೆ. ಪತ್ರಿಕೆಯೂ ನಿಂತುಹೋಗಿದೆ. ಆದರೆ ಮೂಲ ಬೇತಾಳ ಕಥೆಗಳು 11ನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ರಚಿಸಿದ ‘ಕಥಾಸರಿತ್ಸಾಗರ’ದಲ್ಲಿವೆ. ಅನುವಾದ ಹಿಡಿದು ಕುಳಿತ ಹಿರಿಯ ಓದುಗನಿಗೆ ಅಚ್ಚರಿ ಕಾದಿದೆ. ಹೆದರಬೇಕಾದದ್ದು ಹೆಣಕ್ಕಲ್ಲ, ಅದನ್ನು ತರಲು ಕಳಿಸಿದ ಭಿಕ್ಷುವಿಗೆ! ಒಡಲೊಳಗೆ ರತ್ನವಿಟ್ಟ ಹಣ್ಣನ್ನು ವರ್ಷಗಟ್ಟಲೆ ದಿನಾ ತಂದೊಪ್ಪಿಸಿದ ಈ ವಿನಯವಂತ, ರಾಜನನ್ನೇ ಬಲಿ ಕೊಡಲು ಹೊಂಚು ಹಾಕಿದ್ದಾನೆ.

ಇನ್ನು ಬೇತಾಳನ ಷರತ್ತು. ಉತ್ತರ ಹೇಳದಿದ್ದರೆ ತಲೆ ಸಿಡಿಯುತ್ತದೆ ಎಂದಷ್ಟೇ ಮಕ್ಕಳ ಮನಸ್ಸಿನಲ್ಲಿ ಉಳಿದದ್ದು. ಪರೀಕ್ಷೆಯ ಕೊಠಡಿಯಲ್ಲಿ ಕುಳಿತವರಿಗೆ ಹಾಗೇ ತಾನೆ ಅನಿಸುವುದು? ಷರತ್ತು ಇರುವುದು ‘ಗೊತ್ತಿದ್ದೂ’ ಹೇಳದಿದ್ದರೆ ಎಂದು. ಆ ಒಂದು ಪದದ ಬೆಲೆ ತಿಳಿಯುವುದು ಕೊನೆಯ ಕಥೆಯಲ್ಲಿ.

ಕಾಡಿನಲ್ಲಿ ತಂದೆ ಮಗ ಇಬ್ಬರು ಹೆಂಗಸರ ಹೆಜ್ಜೆ ಗುರುತು ಕಾಣುತ್ತಾರೆ. ದೊಡ್ಡ ಪಾದದವಳನ್ನು ತಂದೆ, ಚಿಕ್ಕ ಪಾದದವಳನ್ನು ಮಗ ಮದುವೆಯಾಗುವುದೆಂದು ಮಾತಾಗುತ್ತದೆ. ಹೋಗಿ ನೋಡಿದರೆ ಅವರು ತಾಯಿ ಮಗಳು. ದೊಡ್ಡ ಪಾದ ಮಗಳದ್ದು! ಪಾದದ ಅಳತೆಯಿಂದ ವಯಸ್ಸು ಲೆಕ್ಕ ಹಾಕಹೊರಟರೆ ಇನ್ನೇನಾದೀತು? ಕೊಟ್ಟ ಮಾತಿನಂತೆ ತಂದೆಗೆ ಮಗಳು, ಮಗನಿಗೆ ತಾಯಿ ಹೆಂಡತಿಯರಾಗುತ್ತಾರೆ. ಇವರಿಗೆ ಹುಟ್ಟಿದ ಮಕ್ಕಳು ಪರಸ್ಪರ ಏನಾಗಬೇಕು? ಕಾಗದದಲ್ಲಿ ವಂಶವೃಕ್ಷ ಬರೆದು ನೋಡಿ. ತಂದೆಯ ಕಡೆಯಿಂದ ಹೋದರೆ ಈ ಹುಡುಗ ಆ ಹುಡುಗನಿಗೆ ಚಿಕ್ಕಪ್ಪ. ತಾಯಿಯ ಕಡೆಯಿಂದ ಬಂದರೆ ಆ ಹುಡುಗನೇ ಇವನಿಗೆ ಸೋದರಮಾವ. ಯಾವುದನ್ನು ಹಿಡಿಯುವುದು, ಯಾವುದನ್ನು ಬಿಡುವುದು?

ರಾಜನಿಗೆ ಉತ್ತರ ತೋಚಲಿಲ್ಲ. ಸುಮ್ಮನೆ ನಡೆದ. ತಲೆ ಸಿಡಿಯಲಿಲ್ಲ! ಮೆಚ್ಚಿದ ಬೇತಾಳ ಭಿಕ್ಷುವಿನ ಸಂಚನ್ನು ಬಯಲು ಮಾಡಿತು. “ಸಾಷ್ಟಾಂಗ ಹಾಕು ಎಂದು ಅವನು ಹೇಳಿದಾಗ, ಹೇಗೆಂದು ನೀನೇ ತೋರಿಸು ಎನ್ನು” ಎಂದು ಉಪಾಯವನ್ನೂ ಹೇಳಿಕೊಟ್ಟಿತು. ಭಿಕ್ಷು ತೋರಿಸಲು ನೆಲಕ್ಕೆ ಬಾಗಿದ. ರಾಜನ ಕತ್ತಿ ತನ್ನ ಕೆಲಸ ಮುಗಿಸಿತು.

‘ಚಂದಮಾಮ’ದ ರಾಜ ಮಾತ್ರ ತಿಂಗಳು ತಿಂಗಳೂ ಬಾಯಿ ಬಿಡುತ್ತಲೇ ಇದ್ದ. ಮುಂದಿನ ಸಂಚಿಕೆಗೆ ಬೇತಾಳ ಮತ್ತೆ ಮರ ಏರಬೇಕಿತ್ತಲ್ಲ!