ಹ್ಯಾಂಡಲ್ಲಿನ ಹೊಳಪು

ಹಳೇ ಯೆಜ್ಡಿ ಬೈಕನ್ನು ಮನಸ್ಸಿಗೊಪ್ಪುವಂತೆ ಕಟ್ಟಿಸುವಾಗ ನನ್ನನ್ನು ಹೆಚ್ಚು ಕಾಡುವುದು ಎಂಜಿನ್ನಲ್ಲ, ಹ್ಯಾಂಡಲ್. ಎಂಜಿನ್ನಿಗೆ ಏನು ಬೇಕೆಂದು ಮೆಕ್ಯಾನಿಕ್ ಹೇಳಿಬಿಡುತ್ತಾರೆ. ಹ್ಯಾಂಡಲ್ ಕಪ್ಪಿರಬೇಕೋ ಕ್ರೋಮೋ ಎಂಬುದು ಓಡಿಸುವವರಿಗೇ ಬಿಟ್ಟದ್ದು. ಗಾಡಿ ಹತ್ತಿ ಕೂತಮೇಲೆ ಸೈಲೆನ್ಸರು ಎಲ್ಲಿ ಕಾಣುತ್ತದೆ? ದಾರಿಯುದ್ದಕ್ಕೂ ಕಣ್ಣೆದುರಿಗಿರುವುದು ಹ್ಯಾಂಡಲ್ಲೇ.

ಕೋಲಾರದ ಹುಡುಗರು ಈಗ ಕಪ್ಪನ್ನೇ ಕೇಳುತ್ತಾರೆ. ಕಪ್ಪಿಗೆ ಅದರದ್ದೇ ಗುಣವಿದೆ. ವಿದ್ಯುತ್ತಿನ ಸೆಳೆತದಿಂದ ಒಣಪುಡಿಯನ್ನು ಪೈಪಿಗೆ ಅಂಟಿಸಿ, ಸುಮಾರು 180–200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುವ ಪೌಡರ್ ಕೋಟಿಂಗ್ ಮಾಮೂಲಿ ಪೇಂಟಿಗಿಂತ ಗಟ್ಟಿ. ಬೆಳಗ್ಗೆ ಮುಳಬಾಗಿಲಿನ ಕಡೆ ಹೊರಟರೆ ಹೆದ್ದಾರಿಯಲ್ಲಿ ಸೂರ್ಯ ಎದುರಿಗೇ ಇರುತ್ತಾನೆ. ಕ್ರೋಮ್ ಕಣ್ಣು ಕುಕ್ಕುತ್ತದೆ, ಕಪ್ಪು ಕಣ್ಣಿಗೆ ತಂಪಾಗಿರುತ್ತದೆ. ಆದರೆ ಕ್ಲ್ಯಾಂಪು, ಕ್ಲಚ್ ಲಿವರು ಕೂರುವ ಜಾಗ ನೋಡಿ. ನಾಲ್ಕಾರು ಸಲ ಬಿಚ್ಚಿ ಬಿಗಿಯುವಷ್ಟರಲ್ಲಿ ಕಪ್ಪು ಸುಲಿದು ಕಬ್ಬಿಣ ಇಣುಕುತ್ತದೆ. ಮಾಲೂರಿನ ಇಟ್ಟಿಗೆ ಗೂಡುಗಳ ನಡುವೆ ಹೋಗಿಬಂದರಂತೂ ಕೆಂಪು ಧೂಳು ಅದರ ಮೇಲೆ ಎದ್ದು ಕಾಣುತ್ತದೆ.

ನನ್ನ ಒಲವು ಕ್ರೋಮಿನ ಕಡೆಗೆ. ಚಳಿಗಾಲದ ಬೆಳಗ್ಗೆ ಶ್ರೀನಿವಾಸಪುರದ ಮಾವಿನ ತೋಪಿನ ಪಕ್ಕ ಗಾಡಿ ನಿಲ್ಲಿಸಿ, ಹ್ಯಾಂಡಲ್ ಮೇಲಿನ ಇಬ್ಬನಿಯನ್ನು ಹಳೇ ಪಂಚೆಯ ತುಂಡಿನಿಂದ ಒರೆಸಿ ನೋಡಬೇಕು. ಬಟ್ಟೆ ಸರಿದಲ್ಲೆಲ್ಲ ಆಕಾಶ ಬೆಳಗುತ್ತದೆ. ಪೈಪು ಬಾಗುವಲ್ಲಿ ಮಾವಿನ ಕೊಂಬೆಗಳೂ ಬಾಗಿ, ಗ್ರಿಪ್ಪಿನ ಹತ್ತಿರ ಎಳೆಯಷ್ಟು ಸಣ್ಣಗಾಗುತ್ತವೆ. ಕಪ್ಪು ಹ್ಯಾಂಡಲ್ ಈ ಸುಖ ಕೊಡಲಾರದು.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿಂದ ಬಂದ ಯೆಜ್ಡಿ ರೋಡ್‌ಕಿಂಗ್‌ಗೆ ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಕಿಕ್ಕರ್ ಹೊಡೆಯುವ ಲಿವರೇ ಗೇರೂ ಹಾಕುತ್ತದೆ. ಇವೆಲ್ಲ ಮಿರಮಿರ ಮಿಂಚುವಾಗ ಮೇಲೊಂದು ಕಪ್ಪು ಹ್ಯಾಂಡಲ್ ಕೂರಿಸಿದರೆ ಬೇರೆ ಗಾಡಿಯದ್ದನ್ನು ತಂದು ಸಿಕ್ಕಿಸಿದ ಹಾಗೆ ಕಾಣುತ್ತದೆ. ಟ್ಯಾಂಕು, ಎಂಜಿನ್ನು, ರಿಮ್ಮು ಎಲ್ಲವನ್ನೂ ಕಪ್ಪು ಮಾಡಿಸಿದ ಗಾಡಿಗೆ ಕಪ್ಪೇ ಲಕ್ಷಣ, ಅದನ್ನು ಒಪ್ಪುತ್ತೇನೆ.

ಕ್ರೋಮ್ ಮಾಡಿಸುವವರು ಒಂದು ವಿಷಯ ತಿಳಿದಿರಬೇಕು. ಮಿಂಚುವುದು ಕ್ರೋಮಾದರೂ ತುಕ್ಕನ್ನು ತಡೆಯುವುದು ಅದರಡಿಯ ನಿಕ್ಕಲ್. ಮೇಲಿನ ಕ್ರೋಮ್ ಪದರ ಒಂದು ಮೈಕ್ರಾನಿಗಿಂತ ತೆಳು. ಹಾಗಾಗಿ ಪ್ಲೇಟಿಂಗ್ ಅಂಗಡಿಯಲ್ಲಿ ನಿಕ್ಕಲ್ ದಪ್ಪಗೆ ಹಾಕಲು ಹೇಳಿ. ಎರಡು ಕಾಸು ಹೆಚ್ಚಾದರೂ ಚೌಕಾಸಿ ಬೇಡ. ಪೈಪಿನ ಒಳಮೈಗೆ ಪ್ಲೇಟಿಂಗ್ ಸರಿಯಾಗಿ ಇಳಿಯುವುದಿಲ್ಲ, ಗ್ರಿಪ್ ಹಾಕುವ ಮುಂಚೆ ತುದಿಯೊಳಗೆ ಚೂರು ಗ್ರೀಸ್ ಸವರಿ. ಹ್ಯಾಂಡಲ್ಲನ್ನು ನಿಮ್ಮ ಕೈಯಳತೆಗೆ ಬಗ್ಗಿಸುವುದಿದ್ದರೆ ಪ್ಲೇಟಿಂಗ್‌ಗೆ ಮೊದಲೇ ಬಗ್ಗಿಸಿಕೊಳ್ಳಿ. ಆಮೇಲೆ ಬಗ್ಗಿಸಿದರೆ ಪದರ ಬಿರುಕು ಬಿಟ್ಟು ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ.