ಡಚೆಸ್ಸಮ್ಮನ ಸೀರೆಯಂಚು

ನಮ್ಮ ಮಾಡಿನ ಮೇಲೆ ಡಚೆಸ್ಸಮ್ಮಂದಿರು ಮಲಗಿದ್ದಾರೆ. ಪಕ್ಕದ ಮನೆಯವರದು ಕೌಂಟೆಸ್. ಅವರ ಹಿತ್ತಲ ಸೌದೆಕೊಟ್ಟಿಗೆಗೆ ಬರೀ ಲೇಡಿಗಳು. ಉತ್ತರ ವೇಲ್ಸಿನ ಗಣಿಗಳವರು ಸ್ಲೇಟುಕಲ್ಲಿನ ಅಳತೆಗಳಿಗೆ 18ನೆಯ ಶತಮಾನದಲ್ಲೇ ಇಟ್ಟುಕೊಂಡ ಹೆಸರುಗಳಿವು. 24 ಅಂಗುಲ ಉದ್ದ, 12 ಅಂಗುಲ ಅಗಲವಾದರೆ ಡಚೆಸ್. 20ಕ್ಕೆ 10 ಆದರೆ ಕೌಂಟೆಸ್. 16ಕ್ಕೆ 8 ಆದರೆ ಲೇಡಿ. ಹಾಗಾಗಿ ನಮ್ಮ ಬೆತೆಸ್ಡಾದ ಮೇಸ್ತ್ರಿ ಏಣಿಯ ತುದಿಯಿಂದ, "ಇಬ್ಬರು ಡಚೆಸ್ ಜಾರಿದ್ದಾರೆ, ಒಬ್ಬಳ ಮೂಲೆ ಮುರಿದಿದೆ" ಎಂದು ಕೂಗಿದಾಗ ದಾರಿಯಲ್ಲಿ ಹೋಗುತ್ತಿದ್ದವರು ಯಾರೂ ತಲೆಯೆತ್ತಲಿಲ್ಲ.

ತೀರ್ಥಹಳ್ಳಿಯಲ್ಲಿ ಫೋನು ಹಿಡಿದಿದ್ದ ಅಮ್ಮನಿಗೆ ಮಾತ್ರ ಕಳವಳ.

"ಸ್ಲೇಟಾ? ಒಂದನೇ ಕ್ಲಾಸಲ್ಲಿ ಎಂಜಲು ಹಚ್ಚಿ ಒರೆಸ್ತಿದ್ಯಲ್ಲ, ಅದಾ?"

"ಅದೇ ಅಮ್ಮ."

"ಅದನ್ನ ಮಾಡಿಗೆ ಹೊದೆಸ್ತಾರಾ? ಎಂತ ಊರೋ ಮಾರಾಯ!"

ಕಲ್ಲಿನ ಬಗ್ಗೆ ಅಮ್ಮ ಚಿಂತಿಸಬೇಕಿರಲಿಲ್ಲ. ಊರ ನೆತ್ತಿಯ ಮೇಲಿನ ಪೆನ್ರಿನ್ ಗಣಿಯ ಆ ನೇರಳೆ ಕಲ್ಲಿಗೆ ಸುಮಾರು 50 ಕೋಟಿ ವರ್ಷ ವಯಸ್ಸು. ಅದಕ್ಕಾಗಿ ಬೆವರು ಸುರಿಸಿದವರು 1900ರಿಂದ 1903ರವರೆಗೆ ಮುಷ್ಕರ ಹೂಡಿ, ಹಸಿದು, ಊರನ್ನೇ ಎರಡು ಹೋಳು ಮಾಡಿಕೊಂಡಿದ್ದರು. 2021ರಲ್ಲಿ ಯುನೆಸ್ಕೊದವರು ಈ ಸ್ಲೇಟು ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಇಷ್ಟು ಘನತೆಯ ಕಲ್ಲು ಸೋರುವುದಿಲ್ಲ. ಸೋರುವುದು ಅದಕ್ಕೆ ಬದಿಯಲ್ಲಿ ಮೆತ್ತಿದ ಸಿಮೆಂಟು.

ಮಾಡಿನ ಇಳಿಜಾರು ಮುಗಿದು ಪಕ್ಕದ ಮುಕ್ಕೋಣದ ಗೋಡೆಯ ನೆತ್ತಿ ಸಿಗುತ್ತದಲ್ಲ, ಆ ಓರೆ ಅಂಚಿನಲ್ಲೇ ಎಲ್ಲ ಕಿತಾಪತಿ. ನಮ್ಮ ಕಡೆಯ ಹೆಂಚಿನ ಮನೆಗಳಿಗೆ ಈ ತಾಪತ್ರಯ ಅಷ್ಟಿಲ್ಲ. ಮಾಡನ್ನು ಗೋಡೆಯಿಂದ ಎರಡು ಮೂರು ಅಡಿ ಆಚೆಗೆ ಚಾಚಿಬಿಡುತ್ತೇವೆ. ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಸುರಿಯುವ ಆಗುಂಬೆಯ ಮಳೆಯೂ ಗೋಡೆಯನ್ನು ಮುಟ್ಟಲು ಹೆಣಗಬೇಕು. ಆ ಚಾಚಿನ ಕೆಳಗೆ ಸೌದೆ ಒಣಗುತ್ತದೆ, ನಾಯಿ ಮಲಗುತ್ತದೆ, ಸಾಲ ಕೇಳಲು ಬಂದವರು ಒಳಗೆ ಕರೆಯುವವರೆಗೆ ನಿಂತಿರುತ್ತಾರೆ. ಇಲ್ಲಿ ಅಷ್ಟು ಚಾಚಿದರೆ ಗಾಳಿ ಮಾಡನ್ನೇ ಎತ್ತಿಕೊಂಡು ಹೋದೀತು. ಇಲ್ಲಿನ ಮಳೆ ಬೀಳುವುದಿಲ್ಲ, ಅಡ್ಡಡ್ಡ ಓಡುತ್ತದೆ. ಅದಕ್ಕೇ ಮಾಡನ್ನು ಗೋಡೆಯ ಅಂಚಿಗೇ ಕತ್ತರಿಸಿ, ಉಳಿದ ಸಂದಿಯನ್ನು ಗಾರೆಯಲ್ಲಿ ಮುಚ್ಚುತ್ತಾರೆ. ಸೀರೆಗೆ ಅಂಚು ಹೊಲಿದ ಹಾಗೆ. ಎಳೆ ಬಿಚ್ಚಿಕೊಳ್ಳುವುದು ಅಲ್ಲಿಂದಲೇ.

ಎಪ್ಪತ್ತು ದಾಟಿದ ಮೇಸ್ತ್ರಿ ಮೊದಲು ಹಳೆಯ ಗಾರೆಯನ್ನು ಉಳಿಯಿಂದ ಕೆತ್ತಿ ಕೆಡವಿದ. ಗೋಡೆಯ ನೆತ್ತಿಗೆ ಸಣ್ಣ ಸ್ಲೇಟುಪಟ್ಟಿಗಳನ್ನು, ಎರಡು ಅಂಗುಲ ಹೊರಗೆ ಇಣುಕುವಂತೆ, ಸಾಲಾಗಿ ಕೂರಿಸಿದ. ಹನಿ ಗೋಡೆಗೆ ತಾಗದೆ ನೆಲಕ್ಕೆ ಬೀಳಲೆಂದು ಆ ಇಣುಕು. ಅದರ ಮೇಲೆ ಮೂರು ಪಾಲು ದಪ್ಪ ಮರಳಿಗೆ ಒಂದು ಪಾಲು ಸಿಮೆಂಟಿನ ಗಾರೆ. ಗಾರೆಯ ಮೇಲೆ ಡಚೆಸ್, ನೀರು ಹೊರಗೆ ಜಾರದೆ ಮಾಡಿನ ಕಡೆಗೇ ತಿರುಗುವಂತೆ ತುಸು ಒಳವಾಲಿಸಿ. ಒಂದು ಬಿಟ್ಟು ಒಂದು ಸಾಲಿಗೆ ಅಂಚಿನಲ್ಲಿ ಒಂದೂವರೆಪಟ್ಟು ಅಗಲದ ಕಲ್ಲು ಬೇಕು, ಅರ್ಧ ತುಂಡು ಇಟ್ಟರೆ ಗಾಳಿಗೆ ನಿಲ್ಲುವುದಿಲ್ಲ. ಬಾಣಂತನ ಮುಗಿಸಿದ ಡಚೆಸ್ ಎಂದುಕೊಂಡೆ, ಹೇಳಲಿಲ್ಲ. ಕಲ್ಲು ಕೂರಿಸುವುದನ್ನೂ ಹೊರಮೈ ತೀಡುವುದನ್ನೂ ಗಾರೆ ಹಸಿಯಿರುವಾಗಲೇ ಒಂದೇ ಉಸಿರಿಗೆ ಮುಗಿಸಬೇಕು. ಒಣಗಿದ ಮೇಲೆ ತೇಪೆ ಹಾಕಿದರೆ ಅದು ಸಿಪ್ಪೆಯಾಗಿ ಕಳಚಿಕೊಳ್ಳುತ್ತದಂತೆ. ದಕ್ಷಿಣದ ಪೆಂಬ್ರೋಕ್‌ಶೈರಿನ ಕಡಲಂಚಿನಲ್ಲಿ ಗಾಳಿಗೆ ರೋಸಿ ಇಡೀ ಮಾಡಿಗೇ ಸಿಮೆಂಟು ಬಳಿದ ಹಳೆಯ ಮನೆಗಳಿವೆಯೆಂದೆ. ಅಷ್ಟು ದೂರದವರ ಬುದ್ಧಿಗೆ ತಾನು ಹೊಣೆಯಲ್ಲ ಎಂಬಂತೆ ಆತ ಕರಣೆ ಒರೆಸಿಕೊಂಡ.

"ಎಷ್ಟು ವರ್ಷ ಬರುತ್ತದೆ?" ಎಂದು ಕೇಳಿದೆ.

"ನಾನು ಇರುವವರೆಗೆ ಗ್ಯಾರಂಟಿ" ಎಂದ.

ತೊಲೆ ಜಂತಿಗಳು ಮಳೆಗೆ ಉಬ್ಬುತ್ತವೆ, ಬಿಸಿಲಿಗೆ ಕುಗ್ಗುತ್ತವೆ. ಸಿಮೆಂಟಿಗೆ ಆ ಬಳುಕು ಗೊತ್ತಿಲ್ಲ, ಬಿರಿಯುತ್ತದೆ. ಹಳೆಯ ಸುಣ್ಣದ ಗಾರೆ ಒಂದಿಷ್ಟು ಹೊಂದಿಕೊಳ್ಳುತ್ತಿತ್ತು ಎಂದೂ ಆತನೇ ಹೇಳಿದ, ಸಿಮೆಂಟು ಮೆತ್ತುತ್ತಲೇ.

ಕೆಲಸ ಮುಗಿದ ಸಂಜೆ ಆತ ಗೋಣಿತಟ್ಟು ಕೇಳಿದಾಗ ನಾನು ಹುರುಪಿನಿಂದ ಒಂದು ಬಕೆಟ್ ನೀರನ್ನೂ ತಂದೆ. ಮೇಸ್ತ್ರಿ ನೀರನ್ನು ನೋಡಿದ, ಆಕಾಶ ನೋಡಿದ, ನನ್ನನ್ನು ನೋಡಿದ. ಇಲ್ಲಿ ಗೋಣಿ ಹೊದಿಸುವುದು ಗಾರೆಯನ್ನು ನೆನೆಸಲಿಕ್ಕಲ್ಲ, ಹಿಮ ಕಚ್ಚದಿರಲಿ ಎಂದು. ಅದರ ಮೇಲೊಂದು ಟಾರ್ಪಾಲು, ಮಳೆ ತೊಳೆಯದಿರಲಿ ಎಂದು. ಊರಲ್ಲಿ ತಾರಸಿ ಹಾಕಿಸಿದಾಗ ಅಪ್ಪ ದಿನವೂ ಬೆಳಗ್ಗೆ ಪಂಚೆ ಎತ್ತಿಕಟ್ಟಿ, ಮಣ್ಣಿನ ಬದು ಕಟ್ಟಿದ ಮಡಿಗಳಲ್ಲಿ ನೀರು ನಿಲ್ಲಿಸುತ್ತಿದ್ದರು. ಗದ್ದೆಗೂ ಅಷ್ಟು ನಿಷ್ಠೆಯಿಂದ ನೀರು ಕಟ್ಟಿದವರಲ್ಲ.

ಮಂಗಳೂರಿನಿಂದ ಬಂದಿದ್ದ ಹೆಂಚುಗಳನ್ನು ಇಳಿಸಿ ಹಾಕಿಸಿದ ತಾರಸಿ ಅದು. ಪ್ರತಿ ಮಳೆಗಾಲಕ್ಕೆ ಮುಂಚೆ ಮಾಡಿಗೆ ಹತ್ತಿ ಮಂಗ ಒಡೆದ ಹೆಂಚು ಬದಲಿಸುವುದು ಅಪ್ಪನಿಗೆ ಸಾಕಾಗಿತ್ತು. "ಇನ್ನು ನಿನ್ನ ಮೊಮ್ಮಕ್ಕಳೂ ಮೇಲೆ ಹತ್ತೋದು ಬೇಡ" ಎಂದಿದ್ದರು. ತಾರಸಿ ಕೆಲವೇ ಮಳೆಗಾಲ ತಡೆಯಿತು. ಆಮೇಲೆ ಅಡುಗೆಮನೆಯಲ್ಲಿ ಒಂದು ಪಾತ್ರೆ, ದೇವರಮನೆಯಲ್ಲಿ ಒಂದು. ಪ್ರತಿ ಜೂನ್‌ನಲ್ಲೂ ಅಪ್ಪ ಏಣಿ ಹತ್ತಿ ಡಾಂಬರು ಬಳಿಯುತ್ತಲೇ ಇದ್ದರು, ಹತ್ತಲಾಗುವವರೆಗೆ. ಹೆಂಚಿನ ರಾಶಿ ಇನ್ನೂ ಕೊಟ್ಟಿಗೆಯ ಹಿಂದಿದೆ. ಮಾರಲು ಅಮ್ಮ ಒಪ್ಪುವುದಿಲ್ಲ, ಮತ್ತೆ ಹೊದಿಸಲೂ ಒಪ್ಪುವುದಿಲ್ಲ.

ಈಗ ಮಲೆನಾಡಿನ ಮುಕ್ಕಾಲು ಮನೆಗಳಂತೆ ನಮ್ಮ ತಾರಸಿಯ ಮೇಲೂ ಕಬ್ಬಿಣದ ಕಂಬ ನೆಟ್ಟು ಶೀಟು ಹೊದಿಸುವ ಸನ್ನಾಹ ನಡೆದಿದೆ. ಮೊನ್ನೆ ಅಮ್ಮ ಫೋನಿನಲ್ಲಿ, "ಪಕ್ಕದ ಇರಚಲು ತಡೀಲಿಕ್ಕೆ ಅಂಚಿಗೆ ಎಂತ ಹಾಕೋದು ಅಂತ ನಿಮ್ಮ ಮೇಸ್ತ್ರಿಯನ್ನ ಕೇಳು" ಎಂದಳು. ಕೇಳಿದೆ. ಆತ ತಾರಸಿಯ ಫೋಟೊವನ್ನು ಬೆರಳಲ್ಲಿ ದೊಡ್ಡದು ಮಾಡಿ, ಕಂಬಗಳನ್ನು ಎಣಿಸಿ, ಕೆಳಗೆ ಮಾಡೊಂದು ಇದ್ದೇ ಇದೆಯಲ್ಲ, ಅದರ ಕೆಲಸವೇನು ಎಂದು ಕೇಳಿದ.

"ಬಟ್ಟೆ ಒಣಗಿಸೋದು ಅಂತ ಹೇಳು" ಎಂದಳು ಅಮ್ಮ.