ಹಾಸೂ ಸೆರಗೂ

ರಬಕವಿ-ಬನಹಟ್ಟಿಗಳ ಓಣಿಗಳಲ್ಲಿ ಬೆಳಗಿನ ಹೊತ್ತು ಸಂಚರಿಸಿದವರಿಗೆ ಮಗ್ಗದ ಸಪ್ಪಳವು ಹೊಸದಲ್ಲ. ಈಗ ಅಲ್ಲಿ ಕೈಮಗ್ಗದ ಮೆಲುದನಿಗಿಂತ ವಿದ್ಯುತ್ತಿನ ಮಗ್ಗಗಳ ಗದ್ದಲವೇ ಹೆಚ್ಚು. ಆದರೂ ನೇಯ್ಗೆಯ ಮೂಲಧರ್ಮವು ಬದಲಾಗಿಲ್ಲ. ಮೊದಲು ಹಾಸನ್ನು ಬಿಗಿಯಬೇಕು; ಉದ್ದಕ್ಕೂ ನಿಂತ ಆ ಎಳೆಗಳ ನಡುವೆ ಲಾಳಿಯು ಹೊಕ್ಕಿನ ನೂಲನ್ನು ಅತ್ತಿಂದಿತ್ತ ಹಾಯಿಸಬೇಕು. ಸೆರಗು ಎಷ್ಟೇ ಸೊಗಸಾಗಿರಲಿ, ಹಾಸು ಸಡಿಲವಾದರೆ ಸೀರೆಯು ಬಾಳುವದಿಲ್ಲ. ಒಂದು ವಸ್ತುವು ಇನ್ನೊಂದರಲ್ಲಿ ಪೂರ್ಣವಾಗಿ ವ್ಯಾಪಿಸಿದಾಗ ‘ಹಾಸುಹೊಕ್ಕಾಗಿದೆ’ ಎಂದು ಕನ್ನಡಿಗರು ಆಡುವ ಮಾತು ಈ ಮಗ್ಗದಿಂದಲೇ ಬಂದುದು.

ಧರ್ಮದ ವಿಷಯದಲ್ಲಿ ಬಹುಜನರ ನಡತೆಯು ಸೆರಗಿನ ನಡತೆಯಾಗಿದೆ. ಹಬ್ಬಕ್ಕೊಂದು ಪೂಜೆ, ಆದಿತ್ಯವಾರಕ್ಕೊಂದು ಪ್ರಾರ್ಥನೆ. ಇವು ನೋಡುವವರ ಕಣ್ಣಿಗೆ ಚೆನ್ನಾಗಿಯೇ ಕಾಣುವವು. ಉಳಿದ ದಿನಗಳ ಕೊಡುಕೊಳ್ಳುವಿಕೆಯಲ್ಲಿ, ಅಡಿಗೆಯ ಮನೆಯಲ್ಲಿ, ಅಂಗಡಿಯ ಗಲ್ಲೆಯ ಮೇಲೆ ದೇವರಿಗೆ ಸ್ಥಳ ಸಿಕ್ಕುವದು ಅಪರೂಪ. ದೇವರು ಬಾಳಿನ ಹಾಸಾಗುವದು ಹೇಗೆ? ಈ ಪ್ರಶ್ನೆಯು ಎಲ್ಲ ಮತಸ್ಥರದೂ ಅಹುದು. ಆದರೆ ನಮ್ಮ ನೆರೆಯ ಒಂದು ಚಿಕ್ಕ ಸಮಾಜವು, ಎಂದರೆ ಗುಳೇದಗುಡ್ಡದ ಕ್ರೈಸ್ತ ಕುಟುಂಬಗಳು, ಈ ಪ್ರಶ್ನೆಯನ್ನು ಹೊಟ್ಟೆಯ ಪ್ರಶ್ನೆಯೊಡನೆಯೇ ಎದುರಿಸಬೇಕಾಯಿತು. ಆದಕಾರಣ ಅವರ ಕಡೆಯಿಂದ ಇದನ್ನು ವಿಚಾರಿಸುವದು ಯುಕ್ತವು.

ಕ್ರೈಸ್ತ ಗ್ರಂಥಗಳಿಗೆ ಕಸುಬು ಪರಕೀಯವಲ್ಲ. ಯೇಸುವನ್ನು ಅವನ ಊರಿನವರು ಬಡಗಿಯೆಂದೇ ಗುರುತಿಸಿದರು. ಪೌಲನು ಕೊರಿಂಥ ಪಟ್ಟಣದಲ್ಲಿ ಅಕ್ವಿಲ-ಪ್ರಿಸ್ಕಿಲ್ಲ ಎಂಬ ದಂಪತಿಗಳ ಮನೆಯಲ್ಲಿದ್ದು, ಅವರೊಡನೆ ಗುಡಾರ ಮಾಡುವ ಉದ್ಯೋಗದಿಂದ ಹೊಟ್ಟೆ ಹೊರೆದನು. ಯಜಮಾನನ ಕಣ್ಣಿದ್ದಾಗ ಒಂದು ಬಗೆ, ಇಲ್ಲದಾಗ ಇನ್ನೊಂದು ಬಗೆ ದುಡಿಯಲಾಗದು, ಕೆಲಸದ ನಿಜವಾದ ಒಡೆಯನು ಪರಮಾತ್ಮನೇ ಎಂಬ ತಾತ್ಪರ್ಯವು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿದೆ. ಅದೇ ಪತ್ರಿಕೆಯು ಯಜಮಾನರನ್ನೂ ಬಿಟ್ಟಿಲ್ಲ. ನಿಮಗೂ ಮೇಲೊಬ್ಬ ಯಜಮಾನನಿರುವನೆಂದು ಅವರನ್ನು ಎಚ್ಚರಿಸುವದು. ಗೀತೆಯನ್ನು ಬಲ್ಲ ವಾಚಕರಿಗೆ, ತನ್ನನ್ನು ನೆನೆಯುತ್ತಲೇ ಯುದ್ಧಮಾಡೆಂದು ಶ್ರೀಕೃಷ್ಣನು ಅರ್ಜುನನಿಗೆ ವಿಧಿಸಿದುದು ಇಲ್ಲಿ ನೆನಪಾಗದೆ ಇರದು. ಸ್ಮರಣೆಗೆ ಬೇರೆ ಕಾಲ, ಕರ್ತವ್ಯಕ್ಕೆ ಬೇರೆ ಕಾಲ ಎಂಬ ವಿಭಾಗವನ್ನು ಎರಡೂ ಕಡೆ ಒಪ್ಪಿಲ್ಲ.

ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸ್ ನಗರದ ಕಾರ್ಮೆಲ್ ಪಂಥದ ಮಠವೊಂದರಲ್ಲಿ ಲಾರೆನ್ಸ್ ಎಂಬ ಸಾಧಕನಿದ್ದನು. ಮೊದಲು ಸಿಪಾಯಿಯಾಗಿದ್ದು, ಗಾಯಗೊಂಡು ಕುಂಟನಾದವನು. ಮಠದಲ್ಲಿ ಅವನ ಪಾಲಿಗೆ ಬಂದುದು ಅಡಿಗೆಯ ಮನೆಯ ಕೆಲಸ. ಅದು ಅವನ ಸ್ವಭಾವಕ್ಕೆ ಒಗ್ಗದ ಕೆಲಸವಾಗಿತ್ತು. ಆದರೂ ದೇವರ ಪ್ರೀತಿಗಾಗಿ ಎಂದುಕೊಂಡು ಅನೇಕ ವರ್ಷ ಅದನ್ನೇ ಮಾಡಿದನು. ಪ್ರಾರ್ಥನೆಯ ಹೊತ್ತಿಗೂ ಪಾತ್ರೆಗಳ ಗದ್ದಲದ ಹೊತ್ತಿಗೂ ಅವನಿಗೆ ಭೇದವಿರಲಿಲ್ಲವೆಂದು ಬಲ್ಲವರು ಬರೆದಿಟ್ಟಿದ್ದಾರೆ. 1691ರಲ್ಲಿ ಅವನು ತೀರಿಕೊಂಡ ತರುವಾಯ ಅವನ ಪತ್ರಗಳೂ ಸಂಭಾಷಣೆಗಳೂ ಪ್ರಕಟವಾದವು. ಅವನ ಸಾಧನೆಯಲ್ಲಿ ಮುಖ್ಯವಾಗಿ ಗಮನಿಸತಕ್ಕ ಸಂಗತಿಯೊಂದುಂಟು. ಮನಸ್ಸು ಎಂದೂ ಚಲಿಸಲಿಲ್ಲವೆಂದು ಅವನು ಹೇಳಿಕೊಳ್ಳಲಿಲ್ಲ. ಚಲಿಸಿದಾಗ ತಪ್ಪನ್ನು ದೇವರ ಮುಂದೆ ಒಪ್ಪಿಕೊಂಡು, ಹೆಚ್ಚು ಹಳಹಳಿಸದೆ, ಮತ್ತೆ ಅವನ ಸನ್ನಿಧಿಗೆ ಮರಳುತ್ತಿದ್ದನು.

ಮಠದೊಳಗೆ ಅನ್ನದ ಚಿಂತೆಯಿಲ್ಲ. ಸಂಸಾರಿಗೆ ಅದು ತಪ್ಪಿದ್ದಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದರು; 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡದಲ್ಲಿ ನೆಲೆಯೂರಿದರು. ಆ ಕಾಲದಲ್ಲಿ ದೀಕ್ಷಾಸ್ನಾನ ಪಡೆದವನು ಕುಲದ ಬಳಕೆಯನ್ನು ಕಳೆದುಕೊಳ್ಳುತ್ತಿದ್ದನು. ಅನೇಕ ವೇಳೆ ಮನೆಯನ್ನೂ ಕಸುಬನ್ನೂ ಕಳೆದುಕೊಳ್ಳುತ್ತಿದ್ದನು. ಪಿತ್ರಾರ್ಜಿತದ ಹಕ್ಕು ಮತಾಂತರದಿಂದ ತಪ್ಪಬಾರದೆಂದು 1850ರಲ್ಲಿ ಸರಕಾರವು ಕಾಯದೆ ಮಾಡಿದ್ದರೂ, ಕಾಯದೆಯು ನೆರೆಹೊರೆಯ ಸ್ನೇಹವನ್ನು ಮರಳಿ ಕೊಡಲಾರದು. ಉಪದೇಶವೊಂದರಿಂದಲೇ ಬದುಕು ಸಾಗದೆಂದು ಕಂಡುಕೊಂಡ ಮಿಶನ್ನಿನವರು ಮಂಗಳೂರಿನಲ್ಲಿ ನೇಯ್ಗೆಯ ಕಾರಖಾನೆಯನ್ನೂ 1865ರಲ್ಲಿ ಹಂಚಿನ ಕಾರಖಾನೆಯನ್ನೂ ನಡೆಯಿಸಿದರು. ಅಲ್ಲಿ ದಿನದ ದುಡಿಮೆಯು ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ದುಡಿಮೆಯೂ ಭಕ್ತಿಯ ಅಂಗವೆಂಬುದು ಆ ಜರ್ಮನ್ ಪಾದ್ರಿಗಳ ದೃಢವಾದ ನಂಬಿಕೆಯಾಗಿತ್ತು.

ಆದರೆ ಇದರಲ್ಲಿ ಒಂದು ಅಪಾಯವೂ ಅಡಗಿತ್ತು. ಶಾಲೆ, ಕೆಲಸ, ಪ್ರಾರ್ಥನೆ ಮೂರೂ ಒಂದೇ ಕೈಯಿಂದ ಬಂದಾಗ, ಬಾಳಿನ ನಡುವೆ ಇರುವವನು ದೇವರೋ ಮಿಶನ್ನೋ ಎಂಬದನ್ನು ಹೇಳುವದು ಕಷ್ಟ. 1914ರ ಮಹಾಯುದ್ಧವು ಆ ಪರೀಕ್ಷೆಯನ್ನು ತಂದಿತು. ಜರ್ಮನ್ ಪಾದ್ರಿಗಳನ್ನು ಸರಕಾರವು ಸೆರೆಯಲ್ಲಿಟ್ಟು ಬಳಿಕ ದೇಶಕ್ಕೆ ಕಳುಹಿಸಿತು. ಕಾರಖಾನೆಗಳು 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಕೊಡುವ ಕೈ ಮರೆಯಾಯಿತು. ಆದರೂ ಕನ್ನಡ ನಾಡಿನ ಆ ಸಭೆಗಳು ಅಳಿಯಲಿಲ್ಲ. ಗುಳೇದಗುಡ್ಡದಲ್ಲಿಯೂ ಆರಾಧನೆಯು ನಿಲ್ಲಲಿಲ್ಲ. ಸೆರಗು ಹರಿದರೂ ಹಾಸು ಉಳಿದಿತ್ತು.

ಹಾಗೆ ಉಳಿದ ಒಂದು ಮನೆಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ನಸುಕಿನಲ್ಲಿ ಮನೆಮಂದಿಯೆಲ್ಲ ಕೂಡಿ ಎರಡು ಮಾತಿನ ಪ್ರಾರ್ಥನೆ ಮಾಡುವರು. ತಾಯಿಯು ಕಂಡಿಕೆ ಸುತ್ತಲು ಕುಳಿತುಕೊಳ್ಳುವಳು. ತಂದೆಯು ಕುಣಿಮಗ್ಗಕ್ಕೆ ಇಳಿಯುವನು. ಮಧ್ಯಾಹ್ನದ ಹೊತ್ತಿಗೆ ಖಣದ ಹಾಸಿನಲ್ಲಿ ಒಂದೆರಡು ಎಳೆ ಕಡಿಯುವವು. ಮಗ್ಗ ನಿಲ್ಲಿಸಿ ಗಂಟುಹಾಕಿದರೆ ಹೊತ್ತು ಹೋಗುವದು. ಸಂಜೆಯೊಳಗೆ ಖಣವನ್ನು ಒಪ್ಪಿಸದಿದ್ದರೆ ಮಜೂರಿ ಬರುವದಿಲ್ಲ. ಮಜೂರಿ ಬಾರದಿದ್ದರೆ ಜೋಳದ ಹಿಟ್ಟಿಲ್ಲ. ಗಂಜಿ ಸವರಿ ಮಡಿಚಿಟ್ಟರೆ ಸಾವಕಾರನ ಕಣ್ಣಿಗೆ ಆ ದೋಷವು ಬೀಳದೆಯೂ ಹೋದೀತು. ದೇವರು ಆ ಮನೆಯ ನಡುವೆ ಇರುವನೋ ಇಲ್ಲವೋ ಎಂಬದು ನಸುಕಿನ ಪ್ರಾರ್ಥನೆಯಲ್ಲಿ ತಿಳಿಯದು, ಈ ಮಧ್ಯಾಹ್ನದ ಗಳಿಗೆಯಲ್ಲಿ ತಿಳಿಯುವದು. ಅವನು ಮಗ್ಗ ನಿಲ್ಲಿಸಿ ಎಳೆಯನ್ನು ಕೂಡಿಸಿದರೆ, ಆ ಗಂಟೇ ಅವನ ಸ್ತೋತ್ರ. ಹಾಗೆಯೇ, ಇಲ್ಲದ ದೋಷವನ್ನು ಹುಡುಕಿ ಮಜೂರಿ ಕಡಿಯುವ ಸಾವಕಾರನು ಗುಡಿಗೆ ಎಷ್ಟು ದೀಪ ಕೊಟ್ಟರೂ, ಇಗರ್ಜಿಗೆ ಎಷ್ಟು ಕಾಣಿಕೆ ಹಾಕಿದರೂ, ಅವನ ಬಾಳಿನಲ್ಲಿ ದೇವರು ಸೆರಗಿನ ಜರಿಯಷ್ಟೇ. ನೇಯುವವನಿಗೂ ನೇಯಿಸುವವನಿಗೂ ಅಳತೆಯ ಕೋಲು ಒಂದೇ.

ಜಮಖಂಡಿಯವರಿಗೆ ಇದು ಅಪರಿಚಿತ ತತ್ತ್ವವಲ್ಲ. 1886ರಲ್ಲಿ ಈ ಊರಿನಲ್ಲಿಯೇ ಹುಟ್ಟಿದ ಗುರುದೇವ ರಾನಡೆಯವರು ಅಲಾಹಾಬಾದದ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವನ್ನು ಕಲಿಸಿದರು, ಗ್ರಂಥಗಳನ್ನು ಬರೆದರು, ಸಂಸಾರಿಗಳಾಗಿ ಬಾಳಿದರು. ಉಮದಿಯ ಭಾವೂಸಾಹೇಬ ಮಹಾರಾಜರಿಂದ ಎಳವೆಯಲ್ಲಿ ಪಡೆದ ನಾಮವನ್ನು 1957ರಲ್ಲಿ ನಿಂಬಾಳದಲ್ಲಿ ದೇಹವಿಡುವವರೆಗೂ ಬಿಡಲಿಲ್ಲ. ಅವರ ದಾರಿ ಬೇರೆ, ಗುಳೇದಗುಡ್ಡದ ಕ್ರೈಸ್ತ ನೇಕಾರನ ದಾರಿ ಬೇರೆ. ಇಬ್ಬರ ನಾಮಗಳನ್ನೂ ಒಂದೆನ್ನುವದು ಇಬ್ಬರಿಗೂ ಮಾಡುವ ಅಪಚಾರವಾದೀತು. ಆದರೆ ನಿತ್ಯದ ಕೆಲಸವನ್ನು ಬಿಡದೆ ನಿತ್ಯನಾದವನನ್ನು ನೆನೆಯಬೇಕೆಂಬಲ್ಲಿ ಇಬ್ಬರೂ ನೆರೆಹೊರೆಯವರು.

ಎಳೆ ಕಡಿಯದ ಹಾಸು ಯಾವ ಮಗ್ಗದಲ್ಲಿಯೂ ಇಲ್ಲ. ಮರೆವಿಲ್ಲದ ಮನಸ್ಸು ಮನುಷ್ಯರಲ್ಲಿ ದುರ್ಲಭ. ಕಡಿದುದನ್ನು ಕಂಡ ಕೂಡಲೆ ಕೈ ನಿಲ್ಲಿಸಿ ಗಂಟುಹಾಕುವ ನಿಷ್ಠೆಯಿದ್ದರೆ ಸಾಕು. ಹಾಗೆ ನೇಯ್ದ ದಿನಗಳ ಅರಿವೆಯು ಒರಟಾಗಿದ್ದರೂ ಇರಲಿ. ತೊಟ್ಟವರ ಮೈಯನ್ನು ಅದು ಕಾಯುವದು.